‘ಬ್ಯಾಟರಿ ಬೈಠ್ ಗಯಿ ಸಾಬ್’ ಅಂದಾಗ: ಹಳೆ ಕಾರಿನ ಚಾರ್ಜಿಂಗ್ ತೊಂದರೆ ಹುಡುಕೋದು ಹೇಗೆ

(ವಿಡಿಯೋದಲ್ಲಿ ಆಡಿದ ಮಾತನ್ನು ಓದೋದಕ್ಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಿ ಇಲ್ಲಿ ಕೊಟ್ಟಿದೆ. ಮೀಟರ್ ಹಿಡಿದು ತೋರಿಸಿದ ಕಡೆ ವಿವರಣೆ ಸ್ವಲ್ಪ ಹೆಚ್ಚಿಸಿದೆ.)

ಇವತ್ತು ರೂಮಲ್ಲಿ ಕೂತು ಮಾತಾಡ್ತಿಲ್ಲ, ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತಿದ್ದೀನಿ. ಹಿಂದೆ ಕಾಣ್ತಾ ಇರೋದು ನಮ್ಮಪ್ಪನ 2008ರ ವ್ಯಾಗನ್‌ಆರ್. ಕೆಎ 36, ಅಂದ್ರೆ ರಾಯಚೂರು. 15 ವರ್ಷ ತುಂಬಿದಾಗ ಊರಿಗೆ ಹೋಗಿ ನೋಂದಣಿ ನವೀಕರಿಸಿಕೊಂಡು ಬಂದಿದ್ದೀವಿ. ಮಾರಿಬಿಡು ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ. ಅಪ್ಪ ಒಪ್ಪಲ್ಲ, ನಂಗೂ ಮನಸ್ಸಿಲ್ಲ.

ಹೈದರಾಬಾದಿನಲ್ಲಿರೋ ನಮ್ಮವರಲ್ಲಿ ಇಂಥ ಗಾಡಿ ಬಹಳ ಜನರ ಹತ್ರ ಇದೆ. ಯಾರದೋ ಮಾವನ ಸ್ಯಾಂಟ್ರೋ, ಯಾರದೋ ಮೊದಲ ಸಂಬಳದ ಆಲ್ಟೋ. ವಾರಕ್ಕೆ ಎರಡು ದಿನ ಗಚ್ಚಿಬೌಲಿಗೆ, ತಿಂಗಳಿಗೊಮ್ಮೆ ಊರಿಗೆ. ಉಳಿದ ದಿನ ಬೇಸ್‌ಮೆಂಟಲ್ಲಿ ಧೂಳು. ಹಾಗಾಗಿ ಗಾಡಿ ಸ್ಟಾರ್ಟ್ ಆಗದ ಸೋಮವಾರ ಬೆಳಿಗ್ಗೆ ನಿಮಗೂ ಗೊತ್ತಿರುತ್ತೆ. ಕೀ ತಿರುಗಿಸಿದ್ರೆ ‘ಟಕ್ ಟಕ್ ಟಕ್’. ವಾಚ್‌ಮನ್ ಬಂದು ಧಕ್ಕಾ ಕೊಡ್ತಾನೆ. ಅಂಗಡಿಯವನು ಬಂದು ಬಾನೆಟ್ ಎತ್ತಿ, ಎರಡು ಸೆಕೆಂಡ್ ನೋಡಿ, ‘ಬ್ಯಾಟರಿ ಬೈಠ್ ಗಯಿ ಸಾಬ್’ ಅಂತಾನೆ. ನಾಲ್ಕು ಸಾವಿರ ರೂಪಾಯಿ ಕೈಬಿಡುತ್ತೆ.

ನಂದು ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಕೈಬಿಡ್ತು. ಎರಡನೇ ಸಲದ ಹೊಸ ಬ್ಯಾಟರಿ ಹಾಕಿ ಮೂರು ವಾರ ಆಗಿತ್ತು, ಅಷ್ಟರಲ್ಲಿ ನಾನೀಗ ಹೇಳೋ ರಾತ್ರಿ ಬಂತು.

ಮೇ ತಿಂಗಳು. ಅಪ್ಪನಿಗೆ ಇಲ್ಲಿ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಊರಿಗೆ ಬಿಟ್ಟು ಬರಬೇಕು. ಸಂಜೆ ಆರಕ್ಕೆ ಹೊರಟ್ವಿ. ಶಂಶಾಬಾದ್, ಶಾದ್‌ನಗರ, ಜಡ್ಚರ್ಲಾ, ಅಲ್ಲಿಂದ ಬಲಕ್ಕೆ ತಿರುಗಿ ಮಹಬೂಬ್‌ನಗರ. ಎಸಿ ಜೋರಾಗಿ, ಹೆಡ್‌ಲೈಟ್, ಹಾಡು, ಫೋನ್ ಚಾರ್ಜಿಂಗ್, ಎಲ್ಲ ನಡೀತಿತ್ತು. ಮಕ್ತಲ್ ಹತ್ರ ಒಂದು ಎಮ್ಮೆ ಅಡ್ಡ ಬಂತು, ಹಾರ್ನ್ ಒತ್ತಿದೆ. ಪಕ್ಕದಲ್ಲಿ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಅಪ್ಪ ಕೇಳಿದ್ರು, ‘ಯಾಕೋ, ಹಾರ್ನಿನ ದನಿ ಕುಂತದಲ್ಲ?’

ನಾನು ಗಮನಿಸಿರಲಿಲ್ಲ. ಕಾಣದೇ ಇರೋ ಮನುಷ್ಯ ಕೇಳಿಸಿಕೊಂಡಿದ್ದರು. ಆಮೇಲೆ ನೋಡಿದರೆ ಹೆಡ್‌ಲೈಟ್ ಹಳದಿಗೆ ತಿರುಗಿದೆ, ಇಂಡಿಕೇಟರ್ ಸೋಮಾರಿಯಾಗಿ ಟಿಕ್ ಅನ್ತಿದೆ, ಕಿಟಕಿ ಗಾಜು ಅರ್ಧಕ್ಕೆ ಬಂದು ಯೋಚನೆ ಮಾಡ್ತಿದೆ. ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ದೀಪ ಮಾತ್ರ ಹತ್ತಿಲ್ಲ. ದೀಪ ಹತ್ತಿಲ್ಲ ಅಂದ್ರೆ ಚಾರ್ಜ್ ಆಗ್ತಿದೆ ಅಂತ ನನ್ನ ನಂಬಿಕೆ. ‘ಎಸಿ ಆರಿಸು, ಹಾಡು ಆರಿಸು, ಎಂಜಿನ್ ಮಾತ್ರ ಆರಿಸಬ್ಯಾಡ’ ಅಂದ್ರು ಅಪ್ಪ. ಅವರು ಅಂಬಾಸಿಡರ್ ಓಡಿಸಿದವರು.

ಅವರ ಮಾತಿನ ಹಿಂದಿರೋ ಲೆಕ್ಕ ನಂಗೆ ಆಮೇಲೆ ಅರ್ಥ ಆಯ್ತು. ಇಂಥ ಗಾಡೀಲಿ ಇರೋದು 35 ಆಂಪಿಯರ್-ಅವರ್ ಬ್ಯಾಟರಿ. ಆಲ್ಟರ್ನೇಟರ್ ಸತ್ತಿದ್ದರೆ ಇಡೀ ಗಾಡಿ ಇದರ ಮೇಲೇ ಓಡಬೇಕು. ಹೆಡ್‌ಲೈಟ್ ತಲಾ 55 ವಾಟ್, ಹಿಂದಿನ ದೀಪ ಸೇರಿ ಸುಮಾರು 11 ಆಂಪಿಯರ್. ಪೆಟ್ರೋಲ್ ಪಂಪು, ಇಗ್ನಿಷನ್, ಇಸಿಯು ಎಲ್ಲ ಸೇರಿ ಇನ್ನೊಂದು 10. ಇಷ್ಟಾದ್ರೆ ಪೂರ್ತಿ ತುಂಬಿದ ಬ್ಯಾಟರಿ ಒಂದು ಗಂಟೆ ದಾಟಿಸುತ್ತೆ. ಎಸಿ ಹಾಕಿದ್ರೆ ಬ್ಲೋವರ್, ಮುಂದಿನ ಫ್ಯಾನ್, ಕಂಪ್ರೆಸರ್ ಕ್ಲಚ್ ಸೇರಿ ಆ 20 ಸುಲಭವಾಗಿ 40 ಆಗುತ್ತೆ. ಆಗ ಅರ್ಧ ಗಂಟೆಯ ಮೇಲೆ ಭರವಸೆ ಇಲ್ಲ. ಎಂಜಿನ್ ಆರಿಸಬಾರದು ಯಾಕೆಂದ್ರೆ ಮತ್ತೆ ಸ್ಟಾರ್ಟ್ ಮಾಡೋದಕ್ಕೆ ಸೆಲ್ಫ್ ಒಂದೇ ನೂರು ಆಂಪಿಯರ್‌ಗಿಂತ ಹೆಚ್ಚು ಕೇಳುತ್ತೆ.

ಕೃಷ್ಣಾ ಸೇತುವೆ ಹತ್ರ ಬಂದಾಗ ಸ್ಟೀರಿಂಗ್ ಕಲ್ಲಾಯ್ತು. ಇದರಲ್ಲಿರೋದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ವೋಲ್ಟೇಜ್ ಬಿದ್ರೆ ಅದು ಕೆಲಸ ಬಿಟ್ಟುಬಿಡುತ್ತೆ. ನಿಜಾಮರ ಕಾಲದ ಇಕ್ಕಟ್ಟಾದ ಸೇತುವೆ, ಎದುರಿಂದ ಲಾರಿ, ನನ್ನ ದೀಪ ಎಣ್ಣೆ ದೀಪದ ಹಾಗೆ. ಅದನ್ನ ಹೇಗೆ ದಾಟಿದೆ ಅಂತ ಈಗಲೂ ಪೂರ್ತಿ ನೆನಪಿಲ್ಲ. ದಾಟಿ ಶಕ್ತಿನಗರ ಬರೋ ಹೊತ್ತಿಗೆ ಎಂಜಿನ್ ಜರ್ಕ್ ಹೊಡೆದು ನಿಂತೇಹೋಯ್ತು. ಎದುರಿಗೆ ಆರ್‌ಟಿಪಿಎಸ್ ಚಿಮಣಿಗಳ ಕೆಂಪು ದೀಪ. 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರ, ರಾಜ್ಯಕ್ಕೆ ಕರೆಂಟ್ ಕೊಡೋ ಜಾಗ. ಅದರ ಮುಂದೆ ನಮ್ಮ ಗಾಡೀಲಿ 12 ವೋಲ್ಟ್ ಇಲ್ಲ. ಅಪ್ಪ ನಕ್ಕರು. ನಂಗೆ ನಗು ಬರಲಿಲ್ಲ, ಆಪರೇಷನ್ ಆದ ಕಣ್ಣು, ಧೂಳು, ರಾತ್ರಿ ಹತ್ತೂವರೆ.

ಅಲ್ಲಿ ಒಬ್ಬ ಲಾರಿ ಡ್ರೈವರ್ ಅಣ್ಣ ನಿಲ್ಲಿಸಿ, ಕೇಬಲ್ ಇದೆ ಕೊಡ್ಲಾ ಅಂದ. ಒಳ್ಳೆ ಮನುಷ್ಯ. ಆದ್ರೆ ಇದನ್ನ ನೆನಪಿಟ್ಟುಕೊಳ್ಳಿ: ಲಾರಿ, ಬಸ್ಸು 24 ವೋಲ್ಟ್. ಅದರಿಂದ ನೇರ ಕಾರಿಗೆ ಜಂಪ್ ಕೊಟ್ರೆ ಇಸಿಯು ಸುಟ್ಟುಹೋಗಬಹುದು. ಕೊನೆಗೆ ಒಂದು ಬೊಲೆರೊ ಪಿಕಪ್ ಸಿಕ್ತು, ಅದು 12 ವೋಲ್ಟ್. ಕೆಂಪು ಕೆಂಪಿಗೆ, ಆಮೇಲೆ ಅವನ ಬ್ಯಾಟರಿ ಕಪ್ಪು, ಕೊನೇ ಕ್ಲಿಪ್ ನನ್ನ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿ ಮೇಲೆ ಕಿಡಿ ಹಾರಬಾರದು ಅಂತ ಹೀಗೆ, ಅಲ್ಲಿ ಹೈಡ್ರೋಜನ್ ಇರುತ್ತೆ. ಇಪ್ಪತ್ತು ನಿಮಿಷ ಅವನ ಎಂಜಿನ್ ರೇಸ್ ಮಾಡಿ ನಮ್ಮ ಬ್ಯಾಟರಿಗೆ ಒಂಚೂರು ತುಂಬಿಸಿದ್ವಿ. ಆಮೇಲೆ ಪಾರ್ಕಿಂಗ್ ಲೈಟ್ ಮಾತ್ರ ಹಾಕಿಕೊಂಡು, ಅವನ ಹಿಂದಿನ ಕೆಂಪು ದೀಪ ನೋಡ್ತಾ ರಾಯಚೂರು ಸೇರಿದ್ವಿ. ಆ ಪುಣ್ಯಾತ್ಮ ನಮ್ಮ ಮನೆ ಗಲ್ಲಿ ತನಕ ಬಂದು ಹೋದ.

ಇನ್ನು ವಿಷಯಕ್ಕೆ ಬರ್ತೀನಿ.

ನಿಮ್ಮ ಅಪಾರ್ಟ್‌ಮೆಂಟಿನ ಮೇಲಿನ ಟ್ಯಾಂಕ್ ಖಾಲಿ ಆಯ್ತು ಅಂದ್ಕೊಳ್ಳಿ. ಹೊಸ ಟ್ಯಾಂಕ್ ತಂದು ಕೂರಿಸ್ತೀರಾ? ಇಲ್ಲ. ಮೋಟಾರ್ ಓಡ್ತಿದೆಯಾ, ಪೈಪ್ ಕಟ್ಟಿದೆಯಾ, ಎಲ್ಲಾದ್ರೂ ನಲ್ಲಿ ಸೋರ್ತಿದೆಯಾ ಅಂತ ನೋಡ್ತೀರಿ. ಕಾರಲ್ಲಿ ಬ್ಯಾಟರಿ ಟ್ಯಾಂಕು. ಆಲ್ಟರ್ನೇಟರ್ ಮೋಟಾರು (ನಮ್ಮ ಮೆಕ್ಯಾನಿಕ್‌ಗಳು ಇನ್ನೂ ಡೈನಮೋ ಅಂತಾನೇ ಕರೀತಾರೆ). ನಡುವಿನ ದಪ್ಪ ವೈರು, ಅರ್ಥಿಂಗ್ ವೈರು ಪೈಪು. ಸೋರಿಕೆ ಅಂದ್ರೆ ಗಾಡಿ ನಿಂತಾಗಲೂ ಕರೆಂಟ್ ಕುಡಿಯೋ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಜಿಪಿಎಸ್.

ಇದನ್ನೆಲ್ಲ ಬೇರೆ ಬೇರೆ ಮಾಡಿ ನೋಡೋದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಕೋಠಿ ಕಡೆ ಹೋದಾಗ ಗುಜರಾತಿ ಗಲ್ಲಿಯಲ್ಲಿ ಸಿಗುತ್ತೆ, ಕೆಲವು ನೂರು ರೂಪಾಯಿ. ಡಿಸಿ 20 ವೋಲ್ಟಿಗೆ ಇಡಿ.

ಬೆಳಿಗ್ಗೆ, ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ, ಬ್ಯಾಟರಿಯ ಎರಡು ಕಂಬಕ್ಕೆ ಮೀಟರ್ ಹಿಡಿದು ನೋಡಿ. 12.6 ಇದ್ರೆ ತುಂಬಿದೆ. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕೆ ಬಂದ್ರೆ ಕಾಲು ಭಾಗ ಉಳಿದಿದೆ. ನೋಡಿ, 12 ವೋಲ್ಟ್ ಬ್ಯಾಟರೀಲಿ 12 ಇದೆ ಅಂತ ಖುಷಿ ಪಡೋ ಹಾಗಿಲ್ಲ. ಆಮೇಲೆ ಯಾರಿಗಾದ್ರೂ ಕೀ ತಿರುಗಿಸೋಕೆ ಹೇಳಿ. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಹೋಗಬಾರದು. ತುಂಬಿದ ಬ್ಯಾಟರಿ ಕೂಡ ಎಂಟಕ್ಕೆ, ಏಳಕ್ಕೆ ಜಾರಿದ್ರೆ ಅದರ ಕತೆ ಮುಗಿದಿದೆ, ಆಗ ಧಾರಾಳವಾಗಿ ಬದಲಿಸಿ. ನಾಲ್ಕು ವರ್ಷ ಓಡಿದ್ರೆ ಹೈದರಾಬಾದಿನ ಬಿಸಿಲಲ್ಲಿ ಅದು ಸಾಧನೆಯೇ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಬ್ಯಾಟರಿ ಆಯುಷ್ಯ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ ಅನ್ನೋದು ಹಳೆ ಲೆಕ್ಕ. ಚಳಿಗೆ ಬ್ಯಾಟರಿ ಸಾಯುತ್ತೆ ಅಂತ ಅಮೆರಿಕದ ವಿಡಿಯೋಗಳಲ್ಲಿ ಹೇಳ್ತಾರೆ, ನಮ್ಮಲ್ಲಿ ಕೊಲ್ಲೋದು ಏಪ್ರಿಲ್-ಮೇ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಅದೇ ಜಾಗದಲ್ಲಿ ಮೀಟರ್ ನೋಡಿ. 13.8ರಿಂದ 14.5ರ ಒಳಗೆ ಇರಬೇಕು. ಬಿಸಿಯಾದ ಮೇಲೆ ಸ್ವಲ್ಪ ಇಳಿದು 13.6ಕ್ಕೆ ಬಂದ್ರೆ ಗಾಬರಿ ಬೇಡ, ಕಟೌಟ್ ಅಂದ್ರೆ ರೆಗ್ಯುಲೇಟರ್ ಬೇಕಂತಲೇ ಹಾಗೆ ಮಾಡುತ್ತೆ. 15 ದಾಟಿದ್ರೆ ಕಟೌಟ್ ಹೋಗಿದೆ, ಬ್ಯಾಟರಿ ಕುದಿಯುತ್ತೆ, ನೀರು ಬೇಗ ಬೇಗ ಕಮ್ಮಿ ಆಗುತ್ತೆ. 12.5ರಲ್ಲೇ ನಿಂತು ಇಳೀತಾ ಹೋದ್ರೆ ಚಾರ್ಜ್ ಆಗ್ತಿಲ್ಲ.

ಹೊಸ ಗಾಡಿ ಇರೋರಿಗೆ ಒಂದು ಮಾತು. ಈಚಿನ ಕಾರುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತೆ, ಅಲ್ಲಿ ಓಡ್ತಾ ಇರುವಾಗ 12.8 ಕಂಡರೂ ತಪ್ಪಿಲ್ಲದಿರಬಹುದು. ನಾನು ಹೇಳ್ತಿರೋ ಅಂಕಿ ಹಳೆ ಗಾಡಿಗೆ.

ನನ್ನನ್ನ ಹದಿನಾಲ್ಕು ತಿಂಗಳು ಯಾಮಾರಿಸಿದ್ದು ಇದೇ ಪರೀಕ್ಷೆ. ಅಂಗಡಿಯವನು ಎರಡೂ ಸಲ ಇದನ್ನ ಮಾಡಿದ್ದ! ಬೆಳಿಗ್ಗೆ, ತಣ್ಣಗಿದ್ದ ಗಾಡಿ, ಎಂಜಿನ್ ಆನ್, ಮೀಟರಲ್ಲಿ 14.2. ‘ಡೈನಮೋ ಓಕೆ ಸಾಬ್, ಬ್ಯಾಟರೀನೇ ಖರಾಬ್.’ ಅವನು ಸುಳ್ಳು ಹೇಳಲಿಲ್ಲ. ಬ್ಯಾಟರಿ ನಿಜವಾಗ್ಲೂ ಹಾಳಾಗಿತ್ತು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇಟ್ಟ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತೆ, ಆಮೇಲೆ ಎಷ್ಟು ತುಂಬಿದರೂ ಹಿಡಿಯಲ್ಲ. ಅದನ್ನ ಅರೆಹೊಟ್ಟೆಯಲ್ಲಿ ಇಟ್ಟವರು ಯಾರು ಅಂತ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾವು ಆಫೀಸಲ್ಲಿ ಲಾಗ್ ನೋಡದೇ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚೋ ಹಾಗೆ. ‘ನನ್ನ ಮಷೀನಲ್ಲಿ ಸರಿಯಾಗೇ ಇದೆ’ ಅನ್ನೋ ಮಾತು ಎಷ್ಟು ಸಲ ಹೇಳಿಲ್ಲ ನಾವು?

ರಾಯಚೂರಿನ ಎಲೆಕ್ಟ್ರಿಷಿಯನ್ ಅಜ್ಜ ಮಾಡಿದ್ದೇ ಬೇರೆ. ಬ್ಯಾಟರಿ ಚಾರ್ಜ್ ಮಾಡಿಸಿ, ಎಂಜಿನ್ ಹಚ್ಚಿಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿಸಿ, ‘ಚಾ ಕುಡ್ಕೊಂಡು ಬರ್ರಿ’ ಅಂದ. ಮೊದಲು 14.1 ಇತ್ತು. ಇಪ್ಪತ್ತೈದು ನಿಮಿಷ ಆದಮೇಲೆ, ಎಂಜಿನ್ ಬಿಸಿಯಾಗಿ, ಮೇಲೆ ಊರಿನ ಬಿಸಿಲು ಬೇರೆ, ಮೀಟರ್ 13.1, 12.4, ಮತ್ತೆ 13.8, ಮತ್ತೆ 12.2 ಅಂತ ಕುಣಿಯೋಕೆ ಶುರು. ಸ್ಕ್ರೂಡ್ರೈವರ್ ಹಿಡಿಯಿಂದ ಡೈನಮೋ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿದ, 14ಕ್ಕೆ ಹಾರಿತು. ‘ಕಾರ್ಬನ್ ಸವದಾವ’ ಅಂದ. ಬಿಚ್ಚಿ ತೋರಿಸಿದ್ರೆ ಎರಡು ಕಾರ್ಬನ್ ಬ್ರಶ್ ಉಗುರಿನಷ್ಟೂ ಉಳಿದಿರಲಿಲ್ಲ. ಒಳಗೆ ತಿರುಗೋ ಸುರುಳಿಗೆ ಕರೆಂಟ್ ಮುಟ್ಟಿಸೋದು ಇದೇ ಕಾರ್ಬನ್. ಅದು ಸವೆದು ಸ್ಪ್ರಿಂಗಿನ ಒತ್ತಡ ಕಮ್ಮಿಯಾದ್ರೆ, ಬಿಸಿ ಮತ್ತು ಅದುರುವಿಕೆ ಸೇರಿ ಸಂಪರ್ಕ ಆಗಾಗ ತಪ್ಪುತ್ತೆ. ಸುರುಳಿಗೆ ಕರೆಂಟ್ ಇಲ್ಲ, ಅಯಸ್ಕಾಂತ ಇಲ್ಲ, ಚಾರ್ಜ್ ಇಲ್ಲ. ಕಾರ್ಬನ್, ಒಂದು ಬೇರಿಂಗ್, ಕೂಲಿ ಎಲ್ಲ ಸೇರಿ ತೊಗೊಂಡಿದ್ದು 850 ರೂಪಾಯಿ.

ಹಾಗಾಗಿ ಪರೀಕ್ಷೆ ಮಾಡಿದ್ರೆ ಬಿಸಿಯಾದ ಮೇಲೆ, ಎಲ್ಲ ಹಾಕಿಕೊಂಡು ಮಾಡಿ. ಆಫೀಸಿಂದ ಬಂದು ಪಾರ್ಕಿಂಗಲ್ಲಿ ನಿಲ್ಲಿಸಿದ ತಕ್ಷಣ, ಎಂಜಿನ್ ಆರಿಸೋ ಮುಂಚೆ. ಎಸಿ ಆನ್, ಹೈಬೀಮ್ ಆನ್, ಸ್ವಲ್ಪ ರೇಸ್. 13.5ಕ್ಕಿಂತ ಕೆಳಗೆ ಹೋಗಬಾರದು.

ಮತ್ತೆ ಆ ಬ್ಯಾಟರಿ ದೀಪ ಯಾಕೆ ಹತ್ತಲಿಲ್ಲ? ಬಲ್ಬೇ ಸುಟ್ಟುಹೋಗಿತ್ತು, ಅಷ್ಟೇ. ಎಂಜಿನ್ ಸ್ಟಾರ್ಟ್ ಮಾಡದೇ ಕೀ ಮಾತ್ರ ಆನ್ ಮಾಡಿದಾಗ ಆ ಕೆಂಪು ದೀಪ ಹತ್ತಲೇಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತದೇ ಇರೋ ದೀಪವನ್ನ ನಾನು ‘ಎಲ್ಲ ಸರಿ’ ಅಂತ ಓದಿಕೊಂಡಿದ್ದೆ. ಕೆಲವು ಹಳೆ ಮಾದರಿಗಳಲ್ಲಿ ಈ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುತ್ತೆ. ಅಲ್ಲಿ ಬಲ್ಬ್ ಹೋದ್ರೆ ಐಡಲ್‌ನಲ್ಲಿ ಚಾರ್ಜೇ ಶುರುವಾಗಲ್ಲ. ನಾಳೆ ಬೆಳಿಗ್ಗೆ ಮೀಟರ್ ಇಲ್ಲದೇನೂ ಮಾಡಬಹುದಾದ ಪರೀಕ್ಷೆ ಇದು, ಮಾಡಿ.

ಪೈಪಿನ ವಿಷಯ. ಆಲ್ಟರ್ನೇಟರ್ ಹಿಂದೆ ದಪ್ಪ ವೈರ್ ಬರೋ ಬೋಲ್ಟ್ ಇದೆಯಲ್ಲ, ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ. ಎಂಜಿನ್ ಓಡ್ತಿರಲಿ, ಲೈಟ್ ಹಾಕಿರಲಿ. 0.2 ಅಥವಾ 0.3ಕ್ಕಿಂತ ಹೆಚ್ಚು ತೋರಿಸಬಾರದು. ಹಾಗೇ ಆಲ್ಟರ್ನೇಟರ್ ಮೈಗೆ ಒಂದು ಕಡ್ಡಿ, ಬ್ಯಾಟರಿ ಮೈನಸ್ಸಿಗೆ ಒಂದು. ಇಲ್ಲಿ 0.2ರ ಒಳಗೆ. ಹೆಚ್ಚು ಬಂದ್ರೆ ಅಷ್ಟು ವೋಲ್ಟು ದಾರೀಲೇ ಕಳೆದುಹೋಗ್ತಿದೆ: ತುಕ್ಕು, ಸಡಿಲ ಟರ್ಮಿನಲ್, ಹಸಿರುಗಟ್ಟಿದ ಅರ್ಥಿಂಗ್ ವೈರ್. ಬಿಸಿನೀರು, ಅಡುಗೆ ಸೋಡಾ, ಸ್ಯಾಂಡ್‌ಪೇಪರ್‌ನಲ್ಲಿ ಎಷ್ಟೋ ‘ಡೈನಮೋ ಕಂಪ್ಲೇಂಟ್’ ವಾಸಿ ಆಗುತ್ತೆ. ಸೋಡಾ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗದಿರಲಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಬೆಲ್ಟ್ ಬಗ್ಗೆ ಹೆಚ್ಚು ಹೇಳಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರ್ ಅಂದ್ರೆ, ಹೆಡ್‌ಲೈಟ್ ಹಾಕಿದಾಗ ಕಿರ್ ಅಂದ್ರೆ, ಜಾರ್ತಿದೆ. ಬಿಗಿ ಮಾಡಿಸಿ, ಒಳಮೈ ಕನ್ನಡಿ ಥರ ಹೊಳೀತಿದ್ರೆ ಬದಲಿಸಿ.

ಇನ್ನು ಡಯೋಡ್. ಎಂಜಿನ್ ಓಡುವಾಗ ಅದೇ ಬ್ಯಾಟರಿ ಕಂಬಗಳ ಮೇಲೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಅರ್ಧ ವೋಲ್ಟ್ ದಾಟಿದ್ರೆ ಡಯೋಡ್ ಪ್ಲೇಟ್ ಮೇಲೆ ಅನುಮಾನ. (ತೀರಾ ಅಗ್ಗದ ಕೆಲವು ಮೀಟರ್ ಇಲ್ಲಿ ತಪ್ಪು ತೋರಿಸುತ್ತೆ. ಪ್ಲಸ್-ಮೈನಸ್ ಅದಲುಬದಲು ಮಾಡಿದಾಗ ಅಂಕಿ ತೀರಾ ಬೇರೆ ಬಂದ್ರೆ ಆ ಮೀಟರ್ ನಂಬಬೇಡಿ.) ಮೀಟರ್ ಇಲ್ಲದೆ ಇನ್ನೊಂದು ಉಪಾಯ: ರಾತ್ರಿಯಿಡೀ ನಿಂತ ಗಾಡಿಯ ಡೈನಮೋ ಬೆಳಿಗ್ಗೆ ಮುಟ್ಟಿದರೆ ಎಂಜಿನ್ನಿನ ಹಾಗೇ ತಣ್ಣಗಿರಬೇಕು. ಅದೊಂದೇ ಬೆಚ್ಚಗಿದ್ರೆ ಒಳಗಿನ ಡಯೋಡ್ ಶಾರ್ಟ್ ಆಗಿ ರಾತ್ರಿಯೆಲ್ಲ ಬ್ಯಾಟರಿ ಕುಡಿದಿದೆ.

ಸೋರಿಕೆ ಅಂದ್ರೆ ನಮ್ಮ ಐಟಿಯವರ ಕಾಯಿಲೆ, ಗಾಡಿಗೆ ಏನಾದ್ರೂ ಸಿಕ್ಕಿಸದೇ ಇರೋಕಾಗಲ್ಲ. ನಿಂತ ಗಾಡಿ 50 ಮಿಲಿಆಂಪಿಯರ್ ತನಕ ಕುಡಿಯಬಹುದು, ಅದು ದಿನಕ್ಕೆ 1.2 ಆಂಪಿಯರ್-ಅವರ್. ಎರಡು ವಾರ ಊರಿಗೆ ಹೋಗಿ ಬಂದ್ರೆ 35ರ ಬ್ಯಾಟರಿ ಅರ್ಧ ಖಾಲಿ. ಸ್ಟೀರಿಯೋ ತಪ್ಪಾಗಿ ಕೂಡಿಸಿ 300 ಮಿಲಿಆಂಪಿಯರ್ ಎಳೀತಿದ್ರೆ ದಿನಕ್ಕೆ 7.2. ಶುಕ್ರವಾರ ರಾತ್ರಿ ನಿಲ್ಲಿಸಿದ್ದು ಸೋಮವಾರ ಬೆಳಿಗ್ಗೆ ಎದ್ದೇಳದೇ ಇರಬಹುದು. ಅಳೆಯೋಕೆ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಬಾಗಿಲು ಮುಚ್ಚಿ, ಹತ್ತು ಹದಿನೈದು ನಿಮಿಷ ಕಾಯಿರಿ. ಹೆಚ್ಚು ಬಂದ್ರೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವುದು ಕಿತ್ತಾಗ ಇಳೀತೋ ಅಲ್ಲಿದೆ ಕಳ್ಳ. ಮೀಟರ್ ಹಾಗೆ ಸೇರಿಸಿರುವಾಗ ಮರೆತು ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. ನಂದು ಹೋಗಿದೆ.

ಕೆಲವು ಸಲ ಯಾವುದೂ ಕೆಟ್ಟಿರಲ್ಲ. ಕೊಂಡಾಪುರದಿಂದ ಗಚ್ಚಿಬೌಲಿ ಐದಾರು ಕಿಲೋಮೀಟರ್, ಮುಕ್ಕಾಲು ಗಂಟೆ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಸಾಮರ್ಥ್ಯದ ಒಂದು ಭಾಗ ಮಾತ್ರ ಕೊಡುತ್ತೆ, ಅದನ್ನ ಎಸಿಯೇ ತಿಂದುಬಿಡುತ್ತೆ. ಸ್ಟಾರ್ಟ್ ಮಾಡಲು ಖರ್ಚಾಗಿದ್ದು ವಾಪಸ್ ತುಂಬಲ್ಲ. ಇಂಥ ಗಾಡಿಗೆ ವಾರಕ್ಕೊಮ್ಮೆ ಓಆರ್‌ಆರ್ ಮೇಲೆ ಒಂದು ಗಂಟೆ ಓಡಿಸಿ, ಇಲ್ಲಾಂದ್ರೆ ಮನೇಲೇ ಪ್ಲಗ್‌ಗೆ ಹಾಕೋ ಸಣ್ಣ ಚಾರ್ಜರ್ ತಂದು ರಾತ್ರಿ ಹಚ್ಚಿ. ಸತ್ತ ಬ್ಯಾಟರಿಗೆ ಜಂಪ್ ಕೊಟ್ಟು, ‘ಓಡಿಸಿದ್ರೆ ತುಂಬ್ಕೊಳ್ಳುತ್ತೆ’ ಅಂತ ಟ್ರಾಫಿಕ್‌ಗೆ ಹೋದ್ರೆ ಆಲ್ಟರ್ನೇಟರಿಗೂ ಹೊಡೆತ.

ಒಂದು ಕೆಟ್ಟ ಪರೀಕ್ಷೆ ಇದೆ, ಇದರ ಮೇಲೆ ನಂಗೆ ಸಿಟ್ಟು. ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ‘ಗಾಡಿ ಬಂದ್ ಆಗ್ಲಿಲ್ಲ, ಡೈನಮೋ ಸರಿ ಇದೆ’ ಅಂತ ಹೇಳೋದು. ಕಾರ್ಬ್ಯುರೇಟರ್ ಕಾಲದಲ್ಲಿ ನಡೀತಿತ್ತು. ಈಗ ಇಸಿಯು ಇರೋ ಗಾಡೀಲಿ ಹಾಗೆ ಕಿತ್ತ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮುತ್ತೆ. 850 ರೂಪಾಯಿ ಕೆಲಸ ಹುಡುಕೋಕೆ ಹೋಗಿ ಇಸಿಯು ಕಳ್ಕೊಳ್ತೀರಿ. ಯಾರಾದ್ರೂ ಸ್ಪ್ಯಾನರ್ ಹಿಡಿದು ಓಡ್ತಿರೋ ಗಾಡಿಯ ಟರ್ಮಿನಲ್ ಕಡೆ ಹೋದ್ರೆ ಕೈ ಹಿಡೀರಿ. ‘ಭಾಯ್, ಪೆಹ್ಲೆ ಬಂದ್ ಕರೋ’ ಅಂದ್ರೆ ಸಾಕು, ಅರ್ಥ ಆಗುತ್ತೆ.

ಆ ಎರಡನೇ ಬ್ಯಾಟರಿ, ಮೂರು ವಾರದ್ದು, ಏನಾಯ್ತು ಅಂತ ಕೇಳ್ತೀರೇನೋ. ರಾಯಚೂರಲ್ಲಿ ಒಂದು ದಿನ ಪೂರ್ತಿ ನಿಧಾನ ಚಾರ್ಜ್‌ಗೆ ಇಟ್ವಿ, ಉಳೀತು. ಇವತ್ತು ಬೆಳಿಗ್ಗೆ 12.55 ತೋರಿಸ್ತು. ಈಗ ನಿಮ್ಮ ಮುಂದೆ, ಎಂಜಿನ್ ಬಿಸಿ ಇದೆ, ಎಸಿ ಹಾಕಿದೀನಿ, ಹೈಬೀಮ್ ಹಾಕಿದೀನಿ. ನೋಡಿ, 13.9. ಅಪ್ಪನ ಕಣ್ಣು ಚೆನ್ನಾಗಿದೆ. ಮುಂದಿನ ವಾರ ಎರಡನೇ ಕಣ್ಣಿಗೆ ಕರ್ಕೊಂಡು ಬರಬೇಕು, ಇದೇ ಗಾಡೀಲಿ, ಈ ಸಲ ಹಗಲು ಹೊತ್ತಲ್ಲಿ.